ರೋಗಿಗೆ ಬೇಕಾದ ಗಾಂಜಾ: ಕಾನೂನು ತೆರೆಯಬೇಕಾದ ದಾರಿ

ವಿದ್ಯಾರ್ಥಿಗಳೇ, ಗಾಂಜಾ ಎಂದೊಡನೆ ನಿಮಗೆ ನೆನಪಾಗುವುದು ಪೊಲೀಸರ ದಾಳಿ ಮತ್ತು ಚಟಕ್ಕೆ ಬಿದ್ದು ಹಾಳಾದ ಬದುಕು. ಅದು ಸಹಜ. ಆದರೆ ಅದೇ ಗಿಡದಿಂದ ತೆಗೆದ ಔಷಧಿಯನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಡುವ ದೇಶಗಳೂ ಇವೆ. ಒಂದೇ ವಸ್ತು ಒಬ್ಬರಿಗೆ ಕೇಡು, ಇನ್ನೊಬ್ಬರಿಗೆ ಮದ್ದು ಆಗುವುದು ಹೇಗೆ? ಈ ವ್ಯತ್ಯಾಸವನ್ನು ನಮ್ಮ ಶಾಸನಸಭೆಗಳು ಏಕೆ ಗಮನಿಸಬೇಕು? ಬನ್ನಿ, ವಿಚಾರ ಮಾಡೋಣ.

ಗಿಡದೊಳಗೆ ಏನಿದೆ?

ಈ ಗಿಡ ನಮಗೆ ಹೊಸದಲ್ಲ. ನಮ್ಮಲ್ಲಿ ಇದರ ಎಲೆಗೆ ಭಂಗಿಸೊಪ್ಪು ಎನ್ನುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂಬ ಹೆಸರಿದೆ. ಕಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿದ್ದ ವಿಲಿಯಂ ಓಶಾನೆಸ್ಸಿ ಎಂಬ ಐರಿಷ್ ವೈದ್ಯರು ಧನುರ್ವಾಯು, ಸಂಧಿವಾತ ಮೊದಲಾದ ರೋಗಗಳಲ್ಲಿ ಇದನ್ನು ಪರೀಕ್ಷಿಸಿ, 1839ರಲ್ಲಿ ತಮ್ಮ ಅನುಭವವನ್ನು ಬರೆದು ಪ್ರಕಟಿಸಿದರು. ಪಾಶ್ಚಾತ್ಯ ವೈದ್ಯಶಾಸ್ತ್ರಕ್ಕೆ ಇದು ಪರಿಚಯವಾದದ್ದು ಮುಖ್ಯವಾಗಿ ಅವರಿಂದ.

1964ರಲ್ಲಿ ಇಸ್ರೇಲಿನ ರಫಾಯಿಲ್ ಮೆಕೂಲಂ ಮತ್ತು ಯೆಹೀಲ್ ಗಾವೊನಿ ಅಮಲು ತರುವ ಅಂಶವನ್ನು ಬೇರ್ಪಡಿಸಿದರು. ಅದೇ ಟಿ.ಎಚ್.ಸಿ. ಗಿಡದಲ್ಲಿರುವ ಇನ್ನೊಂದು ಮುಖ್ಯ ಅಂಶ ಸಿ.ಬಿ.ಡಿ.; ಇದು ಅಮಲು ತರುವುದಿಲ್ಲ. 1992ರಲ್ಲಿ ಮೆಕೂಲಂ ಅವರ ತಂಡ, ನಮ್ಮ ಮಿದುಳೇ ಟಿ.ಎಚ್.ಸಿ.ಯಂತೆ ವರ್ತಿಸುವ ಒಂದು ಪದಾರ್ಥವನ್ನು ತಯಾರಿಸುತ್ತದೆಂದು ಕಂಡುಕೊಂಡಿತು. ಸಂಸ್ಕೃತದ ‘ಆನಂದ’ ಪದದಿಂದಲೇ ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟರು. ನೋವು, ಹಸಿವು, ವಾಕರಿಕೆಗಳ ಮೇಲೆ ಈ ಗಿಡ ಪರಿಣಾಮ ಬೀರುವುದು ಏಕೆಂಬುದು ಇದರಿಂದ ಸ್ಪಷ್ಟವಾಗತೊಡಗಿತು.

ಯಾರಿಗೆ ಉಪಯೋಗ?

ಡ್ರಾವೆ ಸಿಂಡ್ರೋಮ್ ಎಂಬುದು ಮಕ್ಕಳಿಗೆ ಬರುವ ಕಠಿಣವಾದ ಮೂರ್ಛೆರೋಗ. ಬಳಕೆಯಲ್ಲಿರುವ ಮಾತ್ರೆಗಳಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 120 ಮಕ್ಕಳು ಮತ್ತು ತರುಣರಿದ್ದರು. ಸಿ.ಬಿ.ಡಿ. ಪಡೆದ ಗುಂಪಿನಲ್ಲಿ ತಿಂಗಳಿಗೆ ಸುಮಾರು 12 ಬಾರಿ ಬರುತ್ತಿದ್ದ ಸೆಳವು 6ಕ್ಕೆ ಇಳಿಯಿತು. ಔಷಧಿಯಿಲ್ಲದ ದ್ರವವನ್ನು ಕುಡಿದ ಗುಂಪಿನಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಮರುವರ್ಷವೇ ಅಮೆರಿಕ ಈ ಔಷಧಿಗೆ ಒಪ್ಪಿಗೆ ನೀಡಿತು. ಕ್ಯಾನ್ಸರ್ ಚಿಕಿತ್ಸೆಯಿಂದಾಗುವ ವಾಂತಿಗೆ ಟಿ.ಎಚ್.ಸಿ.ಯ ಕೃತಕ ರೂಪವನ್ನು ಅಲ್ಲಿ 1985ರಲ್ಲೇ ಒಪ್ಪಲಾಗಿತ್ತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಗಾಂಜಾ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಸಿ.ಬಿ.ಡಿ.ಗೂ ತೂಕಡಿಕೆ, ಭೇದಿ, ಯಕೃತ್ತಿನ ತೊಂದರೆಯಂತಹ ಅಡ್ಡಪರಿಣಾಮಗಳಿವೆ. ಬೆಳೆಯುವ ವಯಸ್ಸಿನಲ್ಲಿ ಗಾಂಜಾ ಸೇದಿದರೆ ಮನಸ್ಸಿಗೆ ಅಪಾಯ. ಔಷಧಿಯೆಂದರೆ ಅಳತೆ ಗೊತ್ತಿರುವ, ವೈದ್ಯರ ಕಣ್ಣಳತೆಯಲ್ಲಿರುವ ವಸ್ತು, ಬೀದಿಯ ಪೊಟ್ಟಣವಲ್ಲ.

ಕಾನೂನು ಏನು ಹೇಳುತ್ತದೆ?

1985ರ ಮಾದಕ ವಸ್ತುಗಳ ಕಾಯಿದೆಯ ಪ್ರಕಾರ ಗಿಡದ ಹೂತುದಿ ಗಾಂಜಾ, ಅಂಟು ಚರಸ್, ಇವೆರಡೂ ನಿಷಿದ್ಧ. ಬರಿಯ ಎಲೆ ಈ ವ್ಯಾಖ್ಯೆಗೆ ಸೇರುವುದಿಲ್ಲ. ಆದರೆ ಅದೇ ಕಾಯಿದೆಯ 8ನೆಯ ಕಲಮು ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ವಿನಾಯಿತಿ ಕೊಡುತ್ತದೆ. ಹಾಗಾದರೆ ತೊಡಕೆಲ್ಲಿದೆ?

ಉತ್ತರವನ್ನು ಮಾರ್ಫೀನಿನ ಕಥೆಯಲ್ಲಿ ನೋಡಬಹುದು. ಅಫೀಮಿನಿಂದ ತಯಾರಾಗುವ ಮಾರ್ಫೀನು ಕ್ಯಾನ್ಸರಿನ ತೀವ್ರ ನೋವಿಗೆ ಒಳ್ಳೆಯ ಮದ್ದು. ನಮ್ಮ ದೇಶದಲ್ಲಿ ಸರ್ಕಾರದ ಅನುಮತಿಯಿಂದಲೇ ಅಫೀಮು ಬೆಳೆಯುತ್ತಾರೆ. ಮಾರ್ಫೀನಿಗೂ ಇದೇ ವಿನಾಯಿತಿ ಇತ್ತು. ಆದರೂ ಹಲವು ರಾಜ್ಯಗಳಲ್ಲಿ ಆಸ್ಪತ್ರೆಗಳು ಬೇರೆ ಬೇರೆ ಇಲಾಖೆಗಳಿಂದ ಹಲವು ಲೈಸೆನ್ಸುಗಳನ್ನು ಪಡೆಯಬೇಕಾಗಿತ್ತು. ತಪ್ಪಿದರೆ ಕಠಿಣ ಶಿಕ್ಷೆ. ಹೆದರಿದ ಆಸ್ಪತ್ರೆಗಳು, ಔಷಧಿ ಅಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. ಕಾಗದದ ಮೇಲೆ ವಿನಾಯಿತಿ ಉಳಿಯಿತು. ಹಾಸಿಗೆಯ ಮೇಲೆ ನೋವು ಉಳಿಯಿತು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2014ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು, ಅಗತ್ಯ ಮಾದಕ ಔಷಧಿಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಮಾಡಲು ದಾರಿ ತೆರೆಯಿತು.

ಶಾಸಕರಲ್ಲಿ ಕೇಳಬೇಕಾದುದು

ಗಾಂಜಾದ ಔಷಧಿಗೂ ಅಂತಹ ಸ್ಪಷ್ಟ ದಾರಿ ಬೇಕು. ಯಾವ ರೋಗಕ್ಕೆ, ಯಾವ ತಜ್ಞರು, ಎಷ್ಟು ಪ್ರಮಾಣದಲ್ಲಿ ಬರೆಯಬಹುದೆಂಬುದು ನಿಯಮದಲ್ಲಿರಲಿ. ಬೆಳೆ, ತಯಾರಿಕೆ, ಮಾರಾಟಗಳ ಲೆಕ್ಕ ಇರಲಿ. ಚೀಟಿಯಿರುವ ರೋಗಿಯೂ ಬರೆದ ವೈದ್ಯರೂ ಆರೋಪಿಗಳಾಗದಿರಲಿ. ಸಂಶೋಧನೆಗೆ ಅನುಮತಿ ಸುಲಭವಾಗಲಿ.

ಇದು ಅಸಾಧ್ಯವೇನಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲೇ ರೋಗಿಗಳ ಪರವಾಗಿ ಮತ ಹಾಕಿದರು. ಮೂರ್ಛೆರೋಗದ ಮಕ್ಕಳ ತಾಯಂದಿರು ದನಿಯೆತ್ತಿದ ಮೇಲೆ, 2018ರ ನವೆಂಬರಿನಿಂದ ಬ್ರಿಟನ್ನಿನಲ್ಲಿ ತಜ್ಞವೈದ್ಯರಿಗೆ ಅನುಮತಿ ದೊರೆಯಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಗಾಂಜಾವನ್ನು ಅತ್ಯಂತ ಕಠಿಣ ಪಟ್ಟಿಯಿಂದ ತೆಗೆಯಲು 27–25 ಮತಗಳಿಂದ ತೀರ್ಮಾನಿಸಿತು. ಭಾರತವೂ ಅದರ ಪರವಾಗಿ ಮತ ನೀಡಿತು.

ದಾರಿ ತೆರೆದರೆ ದುರುಪಯೋಗವಾಗದೆ? ಈ ಭಯ ನ್ಯಾಯವಾದದ್ದೇ. ಆದರೆ ಮಾರ್ಫೀನನ್ನು ಲೆಕ್ಕವಿಟ್ಟು ಕೊಡಬಹುದಾದರೆ ಇದನ್ನೂ ಕೊಡಬಹುದು. ವಿದ್ಯಾರ್ಥಿಗಳೇ, ಚಟಕ್ಕೆ ‘ಬೇಡ’ ಎನ್ನುವುದೂ ರೋಗಿಗೆ ‘ಕೊಡಿ’ ಎನ್ನುವುದೂ ಒಂದಕ್ಕೊಂದು ವಿರೋಧವಲ್ಲ. ನಾಳೆ ಮತ ಹಾಕುವವರು ನೀವು. ಈ ಎರಡನ್ನೂ ಒಟ್ಟಿಗೆ ಹೇಳಬಲ್ಲ ಕಾನೂನನ್ನು ನಿಮ್ಮ ಪ್ರತಿನಿಧಿಗಳಿಂದ ಕೇಳಿ.