ಲೆಕ್ಕದ ಕಡತ: ಕಟ್ಟುವ ಕ್ರಮ, ಬಿಚ್ಚುವ ಕ್ರಮ

ಬೆಳಗಾವಿಯ ಹಳೆಯ ವ್ಯಾಪಾರಿ ಮನೆತನಗಳಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಕಿರ್ದಿ-ಖಾತೆ ಪುಸ್ತಕಗಳು ಇಂದಿಗೂ ಅಟ್ಟದ ಮೇಲೆ ದೊರೆಯುವುದುಂಟು. ಅವುಗಳಲ್ಲಿ ಕೆಲವು ಮೋಡಿ ಲಿಪಿಯಲ್ಲಿ ಬರೆದವು. ಬರೆದವರು ಅತ್ಯಂತ ಶಿಸ್ತಿನಿಂದ ಬರೆದಿದ್ದಾರೆ. ಒಂದು ಪೈಸೆಯ ವ್ಯತ್ಯಾಸವೂ ಇದ್ದಿರಲಾರದು. ಆದರೆ ಇಂದು ಅಂಗಡಿಯ ಗಾದಿಯ ಮೇಲೆ ಕುಳಿತ ಮೊಮ್ಮಗನಿಗೆ ಅದರಲ್ಲಿ ಒಂದಕ್ಷರವೂ ತಿಳಿಯದು. ಲೆಕ್ಕವೇನೋ ಉಳಿದಿದೆ, ಅದನ್ನು ಓದುವ ವಿದ್ಯೆ ಮಾತ್ರ ಮನೆಯಿಂದ ಹೊರಟುಹೋಗಿದೆ. ಬರವಣಿಗೆ ಎಂಬುದು ಇಬ್ಬರ ನಡುವಿನ ಒಪ್ಪಂದ. ಬರೆಯುವವನು ಬಳಸಿದ ಕ್ರಮವನ್ನೇ ಓದುವವನೂ ಬಳಸಿದರೆ ಮಾತ್ರ ಲೆಕ್ಕ ಲೆಕ್ಕವಾಗಿರುತ್ತದೆ.

ಈ ಹಳೆಯ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ಇಂದು ನಾವು ಸರಕಾರಕ್ಕೆ, ಬ್ಯಾಂಕಿಗೆ, ಗಿರಾಕಿಗೆ ಕಳಿಸುತ್ತಿರುವುದು ಕಾಗದವನ್ನಲ್ಲ, ಗಣಕಯಂತ್ರದ ಕಡತವನ್ನು. ಅದನ್ನು ಕಟ್ಟುವ ಕ್ರಮಕ್ಕೆ ಸಂಕೇತೀಕರಣವೆಂದೂ, ಬಿಚ್ಚಿ ಓದುವ ಕ್ರಮಕ್ಕೆ ವಿಸಂಕೇತೀಕರಣವೆಂದೂ ಹೆಸರು. ಇದು ಎಂಜಿನಿಯರರ ವಿಷಯ, ನಮಗೇಕೆ ಎಂದು ಅನೇಕ ವ್ಯಾಪಾರಸ್ಥರು ಭಾವಿಸಿದ್ದಾರೆ. ನಾನೂ ಕೆಲಕಾಲ ಹಾಗೆಯೇ ಭಾವಿಸಿದ್ದೆನು.

ಖಾನಾಪುರದಿಂದ ಬಂದ ಕರೆ

ಒಂದು ತಿಂಗಳ 10ನೆಯ ತಾರೀಖಿನ ರಾತ್ರಿ ಖಾನಾಪುರದ ನಮ್ಮ ಕಕ್ಷಿದಾರರೊಬ್ಬರು ದೂರವಾಣಿ ಮಾಡಿದರು. ಅವರದು ಗೋಡಂಬಿ ವ್ಯಾಪಾರ. "ಸಾಹೇಬ್ರ, ಪೋರ್ಟಲ್ ನಮ್ಮ ಫೈಲ್ ತಗೋವಲ್ದರೀ" ಎಂದರು. ಮರುದಿನ 11, ಅಂದರೆ ಜಿ.ಎಸ್.ಟಿ.ಆರ್.-1 ಸಲ್ಲಿಸಲು ಕಡೆಯ ದಿನ. ಹಿಂದಿನ ತಿಂಗಳು ಇದೇ ತೊಂದರೆಯಿಂದ ವಿವರಣಾಪಟ್ಟಿ 15ನೆಯ ತಾರೀಖಿಗೆ ಹೋಗಿತ್ತು. ರಾಜಸ್ಥಾನದ ಖರೀದಿದಾರರ ಜಿ.ಎಸ್.ಟಿ.ಆರ್.-2ಬಿ ಪಟ್ಟಿ 14ಕ್ಕೇ ತಯಾರಾಗಿದ್ದರಿಂದ ಅದರಲ್ಲಿ ನಮ್ಮವರ ಬಿಲ್ಲುಗಳು ಕಾಣಿಸಲಿಲ್ಲ. 2022ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಮಾರಿದವನು ವಿವರ ಸಲ್ಲಿಸಿ ಅದು ಕೊಂಡವನಿಗೆ ತಿಳಿಸಲ್ಪಟ್ಟ ಹೊರತು ಕೊಂಡವನಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಖರೀದಿದಾರರು ತೆರಿಗೆಯಷ್ಟು ಹಣವನ್ನು ತಡೆಹಿಡಿದರು. ಇನ್ನೊಮ್ಮೆ ಹೀಗಾದರೆ ಮಾಲು ಬೇರೆಡೆಯಿಂದ ತರಿಸುವುದಾಗಿಯೂ ತಿಳಿಸಿದರು.

ವಿಚಾರಿಸಿದಾಗ ತಿಳಿದ ಸಂಗತಿ ಇಷ್ಟು. ಅವರ ಅಣ್ಣನ ಮಗ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಎಕ್ಸೆಲ್ ಹಾಳೆಯಲ್ಲಿದ್ದ ಬಿಲ್ಲುಗಳನ್ನು ಪೋರ್ಟಲ್ಲಿಗೆ ಬೇಕಾದ ಕಡತವಾಗಿ ಪರಿವರ್ತಿಸಲು ಪೈಥಾನ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟಿದ್ದನು. ಪ್ರೋಗ್ರಾಮಿನಲ್ಲಿ ಕಣ್ಣಿಗೆ ಕಾಣುವ ತಪ್ಪೇನೂ ಇರಲಿಲ್ಲ. ಆದರೂ ಕಡತ ತಿರಸ್ಕೃತವಾಗುತ್ತಿತ್ತು.

ಜೇಸನ್ ಎಂದರೇನು?

ಜಿ.ಎಸ್.ಟಿ. ಪೋರ್ಟಲ್, ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ವ್ಯವಸ್ಥೆಗಳು ಬಳಸುವ ಕಡತಕ್ರಮದ ಹೆಸರು ಜೇಸನ್. ಅಮೇರಿಕದ ಡಗ್ಲಾಸ್ ಕ್ರಾಕ್‌ಫರ್ಡ್ ಎಂಬವರು 2000ದ ದಶಕದ ಆರಂಭದಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಪೈಥಾನ್ ಭಾಷೆಯೊಡನೆಯೇ ಇದರ ಗ್ರಂಥಾಲಯವೂ 2008ರಿಂದ ದೊರೆಯುತ್ತಿದೆ. ಅದರಲ್ಲಿ ಮುಖ್ಯವಾದವು ಎರಡೇ ಆಜ್ಞೆಗಳು: ಕಟ್ಟಲು 'ಡಂಪ್ಸ್', ಬಿಚ್ಚಲು 'ಲೋಡ್ಸ್'. ಒಂದು ಬಿಲ್ಲನ್ನು ಜೇಸನ್ ಕ್ರಮದಲ್ಲಿ ಬರೆದರೆ ಹೀಗಿರುತ್ತದೆ:

{"ಬಿಲ್ಲು": "ಕೆ-101", "ಊರು": "ಖಾನಾಪುರ", "ಚೀಲ": 20, "ದರ": 812.50}

ಇಲ್ಲಿ ಗಮನಿಸಬೇಕಾದುದು ಉದ್ಧರಣ ಚಿಹ್ನೆ. ಚಿಹ್ನೆಯೊಳಗೆ ಇರುವುದು ಅಕ್ಷರಮಾಲೆ, ಇದ್ದಂತೆಯೇ ಉಳಿಯುತ್ತದೆ. ಚಿಹ್ನೆಯಿಲ್ಲದೆ ಇರುವುದು ಸಂಖ್ಯೆ; ಅದನ್ನು ಕೂಡಬಹುದು, ಕಳೆಯಬಹುದು. ಇವೆರಡರ ಭೇದವನ್ನು ಮನುಷ್ಯ ಮರೆತರೂ ಯಂತ್ರ ಮರೆಯುವುದಿಲ್ಲ. ನಮ್ಮ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಮುಂದಿನ ಸೊನ್ನೆಯ ಬೆಲೆ

ಸೊನ್ನೆ ಎಡಕ್ಕಿದ್ದರೆ ಬೆಲೆಯಿಲ್ಲವೆಂದು ಶಾಲೆಯಲ್ಲಿ ಕಲಿತಿದ್ದೇವೆ. ಸಂಕೇತ ಸಂಖ್ಯೆಗಳಲ್ಲಿ ಈ ಮಾತು ಸಲ್ಲದು. ಸಿಪ್ಪೆ ತೆಗೆದ ಗೋಡಂಬಿಯ ಎಚ್.ಎಸ್.ಎನ್. ಸಂಕೇತ 080132. ಎಕ್ಸೆಲ್ ಹಾಳೆ ಅದನ್ನು ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಯನ್ನು ತೆಗೆದು 80132 ಎಂದು ಇಟ್ಟುಕೊಂಡಿತ್ತು. ರಾಜಸ್ಥಾನದ ರಾಜ್ಯಸಂಕೇತ 08 ಹೋಗಿ ಬರೀ 8 ಆಗಿತ್ತು. ಹುಡುಗನ ಪ್ರೋಗ್ರಾಮ್ ಅವನ್ನು ಪ್ರಾಮಾಣಿಕವಾಗಿ ಹಾಗೆಯೇ ಕಟ್ಟಿ ಕಳಿಸಿತ್ತು. ಗ್ರಂಥಾಲಯದ ಕೆಲಸ ಕೊಟ್ಟದ್ದನ್ನು ಸಾಗಿಸುವುದೇ ಹೊರತು ಕೊಟ್ಟದ್ದು ಸರಿಯೇ ಎಂದು ನೋಡುವುದಲ್ಲ. ಲಾರಿಯ ಚಾಲಕನು ಚೀಲದೊಳಗಿನ ಮಾಲಿನ ಗುಣಮಟ್ಟಕ್ಕೆ ಹೊಣೆಯಲ್ಲವಷ್ಟೆ.

ಸ್ಥಳೀಯವಾಗಿ ಮಾರುವಾಗ ಈ ದೋಷದ ಅರ್ಧಭಾಗ ಗೋಚರವಾಗುವುದೇ ಇಲ್ಲ. ಏಕೆಂದರೆ ಕರ್ನಾಟಕದ ಸಂಕೇತ 29, ಮಹಾರಾಷ್ಟ್ರದ್ದು 27, ಗೋವೆಯದು 30. ಸುತ್ತಲಿನ ಮೂರು ರಾಜ್ಯಗಳಲ್ಲಿ ಎಲ್ಲಿಯೂ ಮುಂದಿನ ಸೊನ್ನೆಯಿಲ್ಲ. ದಿಲ್ಲಿ, ರಾಜಸ್ಥಾನ, ಹರಿಯಾಣಗಳಿಗೆ ಮಾಲು ಹೊರಟಾಗಲೇ ತೊಡಕು ತಲೆದೋರುತ್ತದೆ. ಹಾಗೆಯೇ ಉದ್ಯಮಬಾಗದ ಎರಕಗಾರರ ಸಂಕೇತ 7325, ಹಂಚಿನವರ ಸಂಕೇತ 6905. ಅವರಿಗೆ ಈ ಅನುಭವವಾಗಲಾರದು. ಗೋಡಂಬಿ, ಮೆಣಸಿನಕಾಯಿ, ಅರಿಷಿಣದ ವ್ಯಾಪಾರಿಗಳಿಗೆ ಮಾತ್ರ ಆಗುತ್ತದೆ. ಒಬ್ಬರ ಪ್ರೋಗ್ರಾಮನ್ನು ಇನ್ನೊಬ್ಬರು ಕೇಳಿ ತಂದು ಬಳಸುವ ಮುನ್ನ ಇದನ್ನು ಯೋಚಿಸತಕ್ಕದ್ದು.

ಇದೇ ರೀತಿ ಬ್ಯಾಂಕ್ ಖಾತೆ ಸಂಖ್ಯೆಗಳು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಗಳ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿ ದಾಖಲಿಸಿದರೆ ಕಡೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಪಾವತಿ ಕಡತದಲ್ಲಿ ಇದರ ಪರಿಣಾಮವೇನೆಂದು ಹೇಳಬೇಕಾಗಿಲ್ಲ. ಯಾವುದನ್ನು ನಾವು ಎಂದೂ ಕೂಡುವುದಿಲ್ಲವೋ, ಕಳೆಯುವುದಿಲ್ಲವೋ, ಅದು ಅಂಕಿಗಳಲ್ಲಿದ್ದರೂ ಸಂಖ್ಯೆಯಲ್ಲ. ಅದನ್ನು ಅಕ್ಷರಮಾಲೆಯಾಗಿಯೇ ಇಡಬೇಕು. ಒಂದು ಅಪವಾದವುಂಟು: ಇ-ಇನ್‌ವಾಯ್ಸಿನ ನಮೂನೆಯು ಪಿನ್‌ಕೋಡನ್ನು ಸಂಖ್ಯೆಯಾಗಿಯೇ ಕೇಳುತ್ತದೆ. ಆದ್ದರಿಂದ ಪ್ರತಿಯೊಂದು ಅಂಶವನ್ನೂ ನಮೂನೆಯೊಡನೆ ತಾಳೆ ನೋಡುವುದು ಲೇಸು.

ಆಣೆ-ಪೈಸೆಯ ಪಾಠ

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗ ನಮ್ಮ ಹಿರಿಯರಿಗೆ ಒಂದು ತಲೆನೋವು ಉಂಟಾಯಿತು. ರೂಪಾಯಿಗೆ 16 ಆಣೆ, 100 ನಯಾಪೈಸೆ. ಅಂದಮೇಲೆ ಒಂದು ಆಣೆಗೆ 6.25 ನಯಾಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಒಂದು ಆಣೆಗೆ 6 ಪೈಸೆಯೆಂದು ತೀರ್ಮಾನವಾಯಿತು. ಆದರೆ ನಾಲ್ಕು ಆಣೆಗೆ 25. ಒಂದೊಂದೇ ಆಣೆ ಪರಿವರ್ತಿಸಿದವನಿಗೆ 24 ಪೈಸೆ, ಒಟ್ಟಿಗೆ ಪರಿವರ್ತಿಸಿದವನಿಗೆ 25 ಪೈಸೆ.

ಗಣಕಯಂತ್ರದ ತೊಂದರೆಯೂ ಇಂತಹದೇ. ಅದು ಎಣಿಸುವುದು ಎರಡರ ಲೆಕ್ಕದಲ್ಲಿ. ನಮ್ಮ 0.1 ಎಂಬ ಸರಳ ಮೊತ್ತವೂ ಆ ಲೆಕ್ಕದಲ್ಲಿ ಪೂರ್ತಿಯಾಗಿ ಕೂಡಿಬರುವುದಿಲ್ಲ. ಪೈಥಾನಿನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ. 2.675 ಎಂಬುದನ್ನು ಎರಡು ದಶಮಾಂಶಕ್ಕೆ ಇಳಿಸು ಎಂದರೆ ನಾವು ನಿರೀಕ್ಷಿಸುವ 2.68 ಬಾರದೆ 2.67 ಬರುತ್ತದೆ. ಒಂದು ಬಿಲ್ಲಿನಲ್ಲಿ ಒಂದು ಪೈಸೆ ಏನೂ ಅಲ್ಲ. ಆದರೆ ಬಿಲ್ಲಿನ ಸಾಲುಗಳ ಮೊತ್ತಕ್ಕೂ ಒಟ್ಟು ಮೊತ್ತಕ್ಕೂ ತಾಳೆಯಾಗದಿದ್ದರೆ ಅದನ್ನು ಹುಡುಕುತ್ತ ಇಡೀ ದಿನ ಕಳೆದ ಲೆಕ್ಕಿಗರನ್ನು ನಾನು ಕಂಡಿದ್ದೇನೆ.

ಪರಿಹಾರ ಗ್ರಂಥಾಲಯದಲ್ಲೇ ಇದೆ. ಕಡತವನ್ನು ಬಿಚ್ಚುವಾಗಲೇ ದಶಮಾಂಶ ಸಂಖ್ಯೆಗಳನ್ನು 'ಡೆಸಿಮಲ್' ಎಂಬ ನಿಖರ ಪ್ರಕಾರದಲ್ಲಿ ಓದುವಂತೆ ಆಜ್ಞಾಪಿಸಬಹುದು. ಕಟ್ಟುವಾಗ ಮಾತ್ರ ಗ್ರಂಥಾಲಯವು ಡೆಸಿಮಲ್ಲನ್ನು ನೇರವಾಗಿ ಸ್ವೀಕರಿಸದೆ ದೋಷ ತೋರಿಸುತ್ತದೆ. ಆದಕಾರಣ ಎಲ್ಲ ಗುಣಾಕಾರ, ಸಂಕಲನಗಳನ್ನು ಡೆಸಿಮಲ್ಲಿನಲ್ಲಿ ಮುಗಿಸಿ, ಅರ್ಧ ಪೈಸೆಯನ್ನು ಮೇಲಕ್ಕೇರಿಸುವ ನಿಯಮವನ್ನು ಸ್ಪಷ್ಟವಾಗಿ ಹೇಳಿ, ಎರಡು ದಶಮಾಂಶಕ್ಕೆ ತಂದು, ಕಟ್ಟಕಡೆಗೆ ಸಾಮಾನ್ಯ ಸಂಖ್ಯೆಯಾಗಿ ಪರಿವರ್ತಿಸಬೇಕು.

ದಿನಾಂಕ ಮತ್ತು ಖಾಲಿ ಕೋಣೆ

ಜೇಸನ್ ಕ್ರಮದಲ್ಲಿ ದಿನಾಂಕವೆಂಬ ಪ್ರಕಾರವೇ ಇಲ್ಲ. ದಿನಾಂಕವನ್ನು ಅಕ್ಷರಮಾಲೆಯಾಗಿಯೇ ಬರೆಯಬೇಕು. ಇ-ಇನ್‌ವಾಯ್ಸಿನಲ್ಲಿ ಮೊದಲು ದಿನ, ನಂತರ ತಿಂಗಳು, ಆಮೇಲೆ ವರ್ಷ, ನಡುವೆ ಓರೆಗೆರೆ. ಗಣಕಯಂತ್ರವು ಅಮೇರಿಕದ ಪದ್ಧತಿಗೆ ಹೊಂದಿಸಲ್ಪಟ್ಟಿದ್ದರೆ ಮೇ 4 ಎಂಬುದು ಏಪ್ರಿಲ್ 5 ಆಗಬಹುದು. 13ನೆಯ ತಾರೀಖಿನಿಂದ ಮುಂದಿನ ಬಿಲ್ಲುಗಳಲ್ಲಿ ಈ ದೋಷ ಕೂಡಲೇ ಪತ್ತೆಯಾಗುತ್ತದೆ. ಮೊದಲ 12 ದಿನಗಳ ಬಿಲ್ಲುಗಳು ಮಾತ್ರ ಮೌನವಾಗಿ ತಪ್ಪು ತಿಂಗಳಿಗೆ ಸೇರುತ್ತವೆ.

ಎಕ್ಸೆಲ್ ಹಾಳೆಯ ಖಾಲಿ ಕೋಣೆಯದು ಇನ್ನೊಂದು ಕಥೆ. ಹಾಳೆಗಳನ್ನು ಓದುವ ಜನಪ್ರಿಯ ಪೈಥಾನ್ ಸಾಧನಗಳು ಖಾಲಿ ಕೋಣೆಯನ್ನು 'ಸಂಖ್ಯೆಯಲ್ಲ' ಎಂಬ ವಿಶೇಷ ಗುರುತಾಗಿ ಇಟ್ಟುಕೊಳ್ಳುವುದುಂಟು. ಜೇಸನ್ ನಿಯಮದಂತೆ ಈ ಗುರುತಿಗೆ ಸ್ಥಾನವಿಲ್ಲ. ಆದರೆ ಪೈಥಾನ್ ಗ್ರಂಥಾಲಯವು ತಡೆಯೊಡ್ಡದೆ ಅದನ್ನು ಬರೆದುಬಿಡುತ್ತದೆ. ಕಡತ ನಮ್ಮಲ್ಲಿ ಸರಿಯಾಗಿ ತೆರೆಯುತ್ತದೆ, ಪೋರ್ಟಲ್ಲಿನಲ್ಲಿ ತೆರೆಯುವುದಿಲ್ಲ. ಈ ಗುರುತನ್ನು ನಿಷೇಧಿಸುವ ಸೌಲಭ್ಯ ಗ್ರಂಥಾಲಯದಲ್ಲಿದೆ. ಅದನ್ನು ಬಳಸಿದರೆ ದೋಷ ನಮ್ಮ ಮೇಜಿನ ಮೇಲೆಯೇ ಗೊತ್ತಾಗುತ್ತದೆ.

ಕನ್ನಡ ಅಕ್ಷರಗಳು

"ಬೆಳಗಾವಿ" ಎಂದು ಬರೆದು ಪೈಥಾನಿನಲ್ಲಿ ಕಡತ ಕಟ್ಟಿದರೆ ಕನ್ನಡ ಕಾಣಿಸದೆ ಓರೆಗೆರೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುತ್ತದೆ. ಕಡತ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಗ್ರಂಥಾಲಯವು ಪ್ರತಿಯೊಂದು ಯೂನಿಕೋಡ್ ಗುರುತನ್ನೂ ಆರು ಚಿಹ್ನೆಗಳಾಗಿ ಬಿಡಿಸಿ ಬರೆಯುತ್ತದೆ. ಸ್ವರಚಿಹ್ನೆಗಳೂ ಸೇರಿ "ಬೆಳಗಾವಿ"ಯಲ್ಲಿ ಏಳು ಗುರುತುಗಳು; ಆದ್ದರಿಂದ 42 ಚಿಹ್ನೆಗಳು. ಬಿಚ್ಚಿದಾಗ ಕನ್ನಡ ಹಾಗೆಯೇ ಮರಳಿ ಬರುತ್ತದೆ. ಬಿಡಿಸಬೇಡವೆಂದು ಆಜ್ಞಾಪಿಸಿ ಯು.ಟಿ.ಎಫ್.-8 ಕ್ರಮದಲ್ಲಿ ಉಳಿಸಿದರೆ ಅದೇ ಹೆಸರು 21 ಬೈಟುಗಳಲ್ಲಿ ಮುಗಿಯುತ್ತದೆ.

ನಿಜವಾದ ತೊಂದರೆ ಹಳೆಯ ಕಡತಗಳದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿಟ್ಟ ಗಿರಾಕಿಗಳ ಹೆಸರು, ವಿಳಾಸಗಳು ಇಂಗ್ಲಿಷ್ ಚಿಹ್ನೆಗಳ ಮೇಲೆ ಕನ್ನಡದ ರೂಪ ಹೊದಿಸಿದಂತಹವು. ಅವನ್ನು ಹಾಗೆಯೇ ಜೇಸನ್ನಿಗೆ ಹಾಕಿದರೆ ಹೊದಿಕೆ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಉಳಿಯುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಅವಶ್ಯ.

ಸಂಕೇತ ಬೇರೆ, ಗುಟ್ಟು ಬೇರೆ

ಇ-ಇನ್‌ವಾಯ್ಸ್ 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನವರಿಂದ ಆರಂಭವಾಯಿತು. 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾಗಿದೆ. ಉದ್ಯಮಬಾಗ, ಮಚ್ಛೆಗಳ ಅನೇಕ ಎರಕ ಹಾಗೂ ಯಂತ್ರಭಾಗ ತಯಾರಕರು ಇದರ ವ್ಯಾಪ್ತಿಗೆ ಬಂದಿದ್ದಾರೆ. ಮಾರಾಟಗಾರನ ನೋಂದಣಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ಬಿಲ್ಲಿನ ಸಂಖ್ಯೆ ಇವುಗಳಿಂದ 64 ಚಿಹ್ನೆಗಳ ಐ.ಆರ್.ಎನ್. ಹುಟ್ಟುತ್ತದೆ.

ಬಿಲ್ಲಿನ ಮೇಲಿನ ಕ್ಯೂ.ಆರ್. ಚೌಕವೂ ಸಂಕೇತೀಕರಿಸಿದ ಜೇಸನ್ನೇ ಆಗಿದೆ. ಎರಡೂ ಪಕ್ಷದವರ ನೋಂದಣಿ ಸಂಖ್ಯೆ, ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ ಮುಂತಾದವು ಅದರಲ್ಲಿರುತ್ತವೆ. ಇದನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು; ಅದು ಗುಟ್ಟಲ್ಲ. ಆದರೆ ಡಿಜಿಟಲ್ ಸಹಿ ಇರುವುದರಿಂದ ಒಂದಂಕಿ ತಿದ್ದಿದರೂ ಸಹಿ ತಾಳೆಯಾಗದು. ಆದಕಾರಣ ಸಹಿಯಾದ ಕಡತವನ್ನು ತೆರೆದು ಮತ್ತೆ ಉಳಿಸುವ ಅಭ್ಯಾಸ ಸಲ್ಲದು. 812.50 ಎಂಬುದು ಪೈಥಾನಿನಲ್ಲಿ ಬಿಚ್ಚಿ ಕಟ್ಟಿದಾಗ 812.5 ಆಗುತ್ತದೆ, ಬೆಲೆ ಅದೇ, ಕಡತ ಬೇರೆ.

ಇನ್ನೊಂದು ಎಚ್ಚರಿಕೆ. ಪೈಥಾನಿನಲ್ಲಿ 'ಪಿಕಲ್' ಎಂಬ ಮತ್ತೊಂದು ಕಟ್ಟುವ ಕ್ರಮವಿದೆ. ಅದರ ಕಡತವನ್ನು ಬಿಚ್ಚುವಾಗ ಒಳಗಿಟ್ಟ ಆಜ್ಞೆಗಳು ನಮ್ಮ ಯಂತ್ರದಲ್ಲಿ ನಡೆದುಹೋಗಬಹುದು. ಅಪರಿಚಿತರಿಂದ ಬಂದ ಪಿಕಲ್ ಕಡತವನ್ನು ಬಿಚ್ಚಬಾರದೆಂದು ಪೈಥಾನ್ ದಾಖಲೆಗಳೇ ಎಚ್ಚರಿಸಿವೆ. ಲೆಕ್ಕದ ವಿನಿಮಯಕ್ಕೆ ಜೇಸನ್ ಸಾಕು.

ನಾವು ಮಾಡಬೇಕಾದುದು

1. ಎಚ್.ಎಸ್.ಎನ್., ರಾಜ್ಯಸಂಕೇತ, ಖಾತೆ ಸಂಖ್ಯೆಗಳ ಕೋಣೆಗಳನ್ನು ಎಕ್ಸೆಲ್ ಹಾಳೆಯಲ್ಲಿ ಮೊದಲೇ 'ಟೆಕ್ಸ್ಟ್' ಎಂದು ನಿಗದಿಪಡಿಸಬೇಕು.

2. ಕಟ್ಟಿದ ಕಡತವನ್ನು ಕಳಿಸುವ ಮುನ್ನ ತಾವೇ ಬಿಚ್ಚಿ, ಬಿಲ್ಲುಗಳ ಎಣಿಕೆ, ಒಟ್ಟು ಬೆಲೆ, ಒಟ್ಟು ತೆರಿಗೆ ಈ ಮೂರನ್ನೂ ಕಿರ್ದಿಯೊಡನೆ ತಾಳೆ ನೋಡಬೇಕು.

3. ಬಿಲ್ಲಿನ ಸಂಖ್ಯೆ 16 ಚಿಹ್ನೆಗಳನ್ನು ಮೀರಬಾರದು. ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರಗಳ ಭೇದದಿಂದ ಬೇರೆ ಸಂಖ್ಯೆ ಮಾಡುವಂತಿಲ್ಲ. 2025ರ ಜೂನ್ 1ರಿಂದ ಇ-ಇನ್‌ವಾಯ್ಸ್ ವ್ಯವಸ್ಥೆ ಎರಡನ್ನೂ ಒಂದೇ ಎಂದು ಪರಿಗಣಿಸುತ್ತದೆ.

4. ಕಡೆಯ ದಿನಕ್ಕೆ ಕಾಯದೆ 5ನೆಯ ತಾರೀಖಿನೊಳಗೆ ಒಮ್ಮೆ ಪರೀಕ್ಷಾರ್ಥ ಕಡತ ಕಟ್ಟಿ ನೋಡಬೇಕು.

5. ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣಾಪಟ್ಟಿಯ ಕಡೆಯ ದಿನದಿಂದ 72 ತಿಂಗಳು ಕಾಪಾಡಬೇಕೆಂದು ಕಾಯ್ದೆ ಹೇಳುತ್ತದೆ. ಜೇಸನ್ ಕಡತಗಳನ್ನೂ, ಅವನ್ನು ಕಟ್ಟಿದ ಪ್ರೋಗ್ರಾಮನ್ನೂ, ಯಾವ ಅಂಶ ಏನೆಂಬ ಒಂದು ಪುಟದ ಟಿಪ್ಪಣಿಯನ್ನೂ ಜೊತೆಗೇ ಇಡಬೇಕು.

ಖಾನಾಪುರದ ಆ ಹುಡುಗ ಮರುದಿನ ಬೆಳಗ್ಗೆ ಬೆಳಗಾವಿಯ ನಮ್ಮ ಕಚೇರಿಗೆ ಬಂದನು. ಎರಡು ಸಂಕೇತಗಳನ್ನು ಅಕ್ಷರಮಾಲೆಯಾಗಿ ಬದಲಿಸಿ, ಕಳೆದ ಸೊನ್ನೆಗಳನ್ನು ತುಂಬಲು ಅವನಿಗೆ ಕಾಲು ಗಂಟೆ ಹಿಡಿಯಿತು. ಮಧ್ಯಾಹ್ನದೊಳಗೆ ಪಟ್ಟಿ ಸಲ್ಲಿಕೆಯಾಯಿತು. 14ಕ್ಕೆ ಖರೀದಿದಾರರ ಪಟ್ಟಿಯಲ್ಲಿ ಎರಡೂ ತಿಂಗಳ ಬಿಲ್ಲುಗಳು ಕಾಣಿಸಿದವು, ತಡೆಹಿಡಿದ ಹಣವೂ ಬಂದಿತು. ಹುಡುಗ ಹೊರಡುವಾಗ ನಾನು ಹೇಳಿದ ಮಾತು ಒಂದೇ: ಪ್ರೋಗ್ರಾಮಿನ ಟಿಪ್ಪಣಿಯನ್ನು ಕಾಕಾನಿಗೂ ಅರ್ಥವಾಗುವಂತೆ ಕನ್ನಡದಲ್ಲಿ ಬರೆದಿಡು. ನಾಳೆ ಅವನು ನೌಕರಿಗೆಂದು ಬೆಂಗಳೂರಿಗೆ ಹೋದ ಮೇಲೆ ಅಂಗಡಿಯ ಕಡತಗಳು ಅಟ್ಟದ ಮೇಲಿನ ಮೋಡಿ ಕಿರ್ದಿಗಳಂತೆ ಆಗಬಾರದಷ್ಟೆ.