‘ಒಡೆಯರ್’: ಬಿರುದಿನ ನಿಷ್ಪತ್ತಿ ಮತ್ತು ಅರ್ಥ

ಬೆಂಗಳೂರಿನ ಚಾಮರಾಜಪೇಟೆಯು 1892ರಲ್ಲಿ ರೂಪುಗೊಂಡ ಬಡಾವಣೆ. ಅದರ ಹೆಸರು ಹತ್ತನೆಯ ಚಾಮರಾಜೇಂದ್ರ ಒಡೆಯರದು. ಸ್ಥಳನಾಮದಲ್ಲಿ ‘ರಾಜ’ ಉಳಿದಿದೆ, ‘ಒಡೆಯರ್’ ಉಳಿದಿಲ್ಲ. ಇವೆರಡನ್ನೂ ಸಮಾನಾರ್ಥಕಗಳೆಂದು ಗ್ರಹಿಸುವುದು ರೂಢಿಯಾಗಿದೆ. ಆದರೆ ‘ಒಡೆಯ’ ಶಬ್ದದ ಮೂಲಾರ್ಥ ಆಳ್ವಿಕೆಯಲ್ಲ, ಸ್ವಾಮ್ಯ ಎಂಬುದನ್ನು ಪ್ರಸ್ತುತ ಟಿಪ್ಪಣಿಯು ಪ್ರತಿಪಾದಿಸುತ್ತದೆ.

ಹೊಂದಿರುವಿಕೆ ಎಂಬರ್ಥದ ತಮಿಳಿನ ‘ಉಡೈ’ ಕನ್ನಡದ ‘ಒಡೆ’ಗೆ ಜ್ಞಾತಿಪದ. ಇಲ್ಲಿನ ಧ್ವನಿಸಂವಾದ ನಿಯತವಾದುದು: ಮೊದಲಕ್ಷರದ ಉ–ಒ ಸಂವಾದವನ್ನು ‘ಉಡಲ್–ಒಡಲ್’ ಜೋಡಿಯಲ್ಲಿಯೂ, ಪದಾಂತ್ಯದ ಐ–ಎ ಸಂವಾದವನ್ನು ‘ತಲೈ–ತಲೆ’ ಜೋಡಿಯಲ್ಲಿಯೂ ಕಾಣಬಹುದು. ಆದರೆ ‘ಸೀಳು, ಭಂಗಗೊಳ್ಳು’ ಎಂಬರ್ಥದ ‘ಒಡೆ’ ಧಾತುವಿಗೂ ತಮಿಳಿನಲ್ಲಿ ‘ಉಡೈ’ ಎಂಬ ರೂಪವೇ ಇದೆ. ಆದುದರಿಂದ ಧ್ವನಿಸಾಮ್ಯವೊಂದರಿಂದಲೇ ಮೂಲವನ್ನು ನಿರ್ಣಯಿಸಲಾಗದು. ಸಾಧಿತಪದಗಳ ಸಾಕ್ಷ್ಯ ಅಗತ್ಯ. ಒಡವೆ, ಒಡೆತನ, ಒಡತಿ ಎಂಬ ಕನ್ನಡ ರೂಪಗಳೂ ತಮಿಳಿನ ‘ಉಡೈಮೈ’ಯೂ ಸೊತ್ತಿನ ಅರ್ಥವಲಯಕ್ಕೇ ಸೇರಿವೆ. ‘ಒಡೆ’ ಎಂಬ ನಾಮಕ್ಕೆ ಪುಲ್ಲಿಂಗದ ‘ಅ’ ಸೇರಿ, ನಡುವೆ ಯಕಾರಾಗಮವಾಗಿ ‘ಒಡೆಯ’ ಸಿದ್ಧಿಸುತ್ತದೆ: ‘ಹೊಂದಿರುವವನು’.

ಸಂಸ್ಕೃತದ ‘ಸ್ವಾಮಿನ್’ ಇದೇ ಮಾರ್ಗದ್ದು. ‘ಸ್ವ’ ಎಂದರೆ ತನ್ನದು, ಅದುಳ್ಳವನು ಸ್ವಾಮಿ. ಯುರೋಪಿನ ಬಿರುದುಗಳ ಮಾರ್ಗ ಬೇರೆ. ಇಂಗ್ಲಿಷಿನ ‘ಲಾರ್ಡ್’ ಹಳೆಯ ಇಂಗ್ಲಿಷಿನ ‘ರೊಟ್ಟಿಯ ಕಾವಲಿಗ’ ಎಂಬ ಸಮಾಸದಿಂದ ಬಂದಿದೆ; ಜರ್ಮನ್ನಿನ ‘ಹೆರ್’ ‘ಹೆಚ್ಚು ಪೂಜ್ಯನಾದವನು’ ಎಂಬ ತಾರತಮ್ಯರೂಪದಿಂದ ಬಂದಿದೆ.

ಸ್ವಾಮ್ಯವೇ ಮೂಲಾರ್ಥವಾದುದರಿಂದ ಈ ಪದ ಅರಮನೆಗೆ ಸೀಮಿತವಾಗಲಿಲ್ಲ. ವೀರಶೈವ ಪರಂಪರೆಯಲ್ಲಿ ಜಂಗಮರು ಒಡೆಯರು. 14ನೆಯ ಶತಮಾನದ ವಿಜಯನಗರದಲ್ಲಿ ಕಂಪಣ್ಣ ಒಡೆಯರಂತಹ ರಾಜಕುಮಾರರೂ ಒಡೆಯರು. ಬಾಡಿಗೆದಾರನಿಗೆ ಮನೆಯ ಯಜಮಾನನೂ ಒಡೆಯನೇ. ‘ಅರಸ’ ಶಬ್ದಕ್ಕೆ ಈ ವ್ಯಾಪ್ತಿಯಿಲ್ಲ.

ಮೈಸೂರು ರಾಜಮನೆತನದಲ್ಲಿ ಬಿರುದು ಕುಲನಾಮವಾದುದಕ್ಕೆ ವ್ಯಾಕರಣವೇ ಸಾಕ್ಷಿ. ‘ಒಡೆಯರು ಬಂದರು’ ಎಂಬಲ್ಲಿ ಬಹುವಚನ ಪ್ರತ್ಯಯವು ಗೌರವಾರ್ಥಕವಾಗಿ ಸಜೀವವಾಗಿದೆ. ‘ಜಯಚಾಮರಾಜ ಒಡೆಯರ್ ಅವರು ಬಂದರು’ ಎಂಬಲ್ಲಿ ಗೌರವಸೂಚನೆಗೆ ‘ಅವರು’ ಮತ್ತೆ ಬೇಕಾಗಿದೆ. ‘ರ್’ ಪದದೊಳಗೆ ಘನೀಭವಿಸಿ ತನ್ನ ಕಾರ್ಯವನ್ನು ಕಳೆದುಕೊಂಡಿದೆ. ‘ಒಡೆಯರಿಗೆ’, ‘ಒಡೆಯರ್ ಅವರಿಗೆ’ ಎಂಬ ಎರಡು ಪ್ರಯೋಗಗಳೂ ಇಂದು ಜೊತೆಯಲ್ಲಿಯೇ ನಡೆಯುತ್ತಿರುವುದರಿಂದ ಈ ಪರಿವರ್ತನೆ ಇನ್ನೂ ಪೂರ್ಣಗೊಂಡಿಲ್ಲವೆನ್ನಬೇಕು. ರೋಮನ್ ಲಿಪಿಯಲ್ಲಿ ವಕಾರದಿಂದ ಆರಂಭವಾಗುವ ರೂಢಿಯ ಬರವಣಿಗೆಯು ಪದಾದಿಯ ಒಕಾರಕ್ಕೆ ಮುನ್ನ ಆಡುಮಾತಿನಲ್ಲಿ ಕೇಳಿಬರುವ ವಕಾರವನ್ನು ಪ್ರತಿಬಿಂಬಿಸುತ್ತದೆ. ಅದು ಪದದ ಮೂಲಾಂಶವಲ್ಲ.

ಹೀಗಾಗಿ ‘ಒಡೆಯ’ನನ್ನು ‘ಅರಸ’ ಎಂದಷ್ಟೇ ಅರ್ಥೈಸುವುದು ಒಂದು ವಂಶದ ಇತಿಹಾಸವನ್ನು ಶಬ್ದದ ಇತಿಹಾಸವೆಂದು ಎಣಿಸಿದಂತಾಗುತ್ತದೆ. ಕೋಶರಚನೆಯಲ್ಲಿ ಸ್ವಾಮ್ಯಾರ್ಥವನ್ನು ಮೊದಲಿಗೂ ಬಿರುದನ್ನು ಅನಂತರವೂ ಕುಲನಾಮವನ್ನು ಪ್ರತ್ಯೇಕ ಉಲ್ಲೇಖವಾಗಿಯೂ ಕೊಡುವುದು ಯುಕ್ತ.