ಚಿತ್ತಾಪುರದ ಒಂದು ಮಾಗಿಯ ಶನಿವಾರ

ಕಲಬುರಗಿ ಜಿಲ್ಲೆಯ ಚಿತ್ತಾಪುರವು ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗದಲ್ಲಿರುವ ಊರು. 1874ರಲ್ಲಿ ಸಂಚಾರಕ್ಕೆ ತೆರೆದ ಆ ಮಾರ್ಗದ ಇಕ್ಕೆಲಗಳಲ್ಲಿಯೂ ಎರೆಮಣ್ಣಿನ ಬಯಲು. ನಡುನಡುವೆ ಹಾಸುಗಲ್ಲಿನ ಗಣಿಗಳು. ಸಮೀಪದಲ್ಲಿಯೇ ಭೀಮೆಯನ್ನು ಸೇರಲು ಹೊರಟ ಕಾಗಿಣಾ ನದಿ. ಬೇಸಿಗೆಯಲ್ಲಿ ಬಂದವರು ಇದನ್ನು ಬಿಸಿಲಿನ ನಾಡೆಂದು ಕರೆದು ಹೋಗುವರು. ಆದರೆ ಈ ಸೀಮೆಯ ಸಂಪತ್ತನ್ನು ಅರಿಯಬೇಕಾದರೆ ಮಾಗಿಯ ಕಾಲದಲ್ಲಿ, ಅದರಲ್ಲಿಯೂ ಶನಿವಾರದಂದು, ಇಲ್ಲಿರಬೇಕು. ಅಂದು ಶಾಲೆಯು ಬೆಳಗಿನ ಹೊತ್ತು ಮಾತ್ರ ನಡೆಯುವುದರಿಂದ, ಮನೆಯ ಕೆಲಸಕ್ಕೂ ಹೊಲದ ವಿಹಾರಕ್ಕೂ ಮಕ್ಕಳು ಜೊತೆಗೆ ದೊರೆಯುವರು.

ಅಂದಿನ ಮೊದಲನೆಯ ಕೆಲಸವು ಹಿಟ್ಟಿನ ಗಿರಣಿಯದು. ಜೋಳವನ್ನು ಕೆಲವು ದಿನಗಳಿಗೆ ಬೇಕಾದಷ್ಟೇ ಬೀಸಿಸಿಕೊಳ್ಳುವುದು ಜಾಣ ಗೃಹಿಣಿಯರ ಪದ್ಧತಿ. ಇದು ಬರಿಯ ರೂಢಿಯಲ್ಲ. ಗೋಧಿಯಲ್ಲಿರುವಂತಹ ಅಂಟು ಜೋಳದಲ್ಲಿಲ್ಲ. ಕುದಿಯುವ ನೀರನ್ನು ಹೊಯ್ದಾಗ ಹಿಟ್ಟಿನ ಪಿಷ್ಟವು ಅರೆಬೆಂದು ಜಿಗುಟನ್ನು ಪಡೆಯುವುದು. ರೊಟ್ಟಿಯು ಬಡಿಯಲು ಬರುವುದು ಅದರಿಂದಲೇ. ಹಿಟ್ಟು ಹಳತಾದಷ್ಟೂ ಈ ಗುಣವು ಕುಂದಿ ರೊಟ್ಟಿಯ ಅಂಚು ಸೀಳುವುದು. ಗಿರಣಿಯಿಂದ ಕಿರಾಣಿ ಅಂಗಡಿಗೆ, ಅಲ್ಲಿಂದ ಕಾಯಿಪಲ್ಲೆಯ ಅಂಗಡಿಗೆ, ಕೊನೆಗೆ ಕುಡುಗೋಲನ್ನು ಹದ ಮಾಡಿಸಲು ಕಮ್ಮಾರನ ಕುಲುಮೆಗೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನವಾಗುವುದು.

ಉಂಡ ಬಳಿಕ ಹೊಲದ ದಾರಿ ಹಿಡಿಯಬಹುದು. ತೊಗರಿಯ ಕೊಯ್ಲು ನಡೆದಿರುವ ಕಾಲವಿದು. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತುದನ್ನು ವಾಚಕರು ಬಲ್ಲರು. ತಂತಿಯ ಮೇಲೆ ಸುಮ್ಮನೆ ಕುಳಿತಿರುವ ನೀಲಕಂಠವು ರೆಕ್ಕೆ ಬಿಚ್ಚಿದೊಡನೆ ನೀಲಿಯ ಮಿಂಚಾಗುವುದು. ಇದೇ ನಮ್ಮ ರಾಜ್ಯದ ಪಕ್ಷಿ. ದನಗಳ ಬೆನ್ನೇರಿದ ಕಾಜಾಣವು ಹಾರುವ ಹುಳುಗಳನ್ನು ಹಿಡಿಯುವುದು. ಬಾಲವನ್ನು ಕುಣಿಸುತ್ತ ಸಿಪಿಲೆಗಳು ಹಳ್ಳದ ಅಂಚಿನಲ್ಲಿ ಓಡಾಡುವುವು. ಪೈರಿನ ತೆನೆಗೆ ತಾಗುವಷ್ಟು ಕೆಳಗೆ ತೇಲುತ್ತ ಸಾಗುವ ನೀಳರೆಕ್ಕೆಯ ಹದ್ದಿನ ಜಾತಿಯ ಪಕ್ಷಿಯೊಂದುಂಟು. ಅದಕ್ಕೆ ಸೆಳೆವವೆಂದು ಹೆಸರು. ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಬರುವ ಈ ಅತಿಥಿಯು ಮಿಡತೆಗಳನ್ನೂ ಇಲಿಗಳನ್ನೂ ತಿಂದು ರೈತನಿಗೆ ಉಪಕಾರ ಮಾಡುವುದು. ರಾತ್ರಿ ಮರವನ್ನೇರದೆ ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುವುದು.

ಈ ಪ್ರಾಂತವು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಎಂದರೆ 1931ರಲ್ಲಿ, ಸಲೀಂ ಅಲಿಯವರು ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಕೈಗೊಂಡರು. ಅವರಂತೆ ಊರೂರು ಅಲೆಯುವುದು ಎಲ್ಲರಿಗೂ ಸಾಧ್ಯವಲ್ಲ. ಆದರೆ ಒಂದು ದುರ್ಬೀನೂ ಒಂದು ಪುಸ್ತಕವೂ ಇದ್ದರೆ, ಕಂಡ ಪಕ್ಷಿ, ದಿನ, ಸ್ಥಳ, ಅದು ಏನು ಮಾಡುತ್ತಿತ್ತು ಎಂಬಿಷ್ಟನ್ನು ಮಗುವೂ ಬರೆದಿಡಬಹುದು.

ಆ ಪುಸ್ತಕದಲ್ಲಿ ತಪ್ಪದೆ ಬರಬೇಕಾದುದು ಗುಲಾಬಿ ಕಬ್ಬಕ್ಕಿ. ಗುಲಾಬಿ ಮೈ, ಕಪ್ಪು ತಲೆ, ಕಪ್ಪು ರೆಕ್ಕೆ. ಸಂಜೆಯಲ್ಲಿ ಇವುಗಳ ಹಿಂಡು ಆಕಾಶದಲ್ಲಿ ಹೊಗೆಯಂತೆ ಹೊರಳುವುದು. ಹಿಂದೆ ಈ ದೇಶದಲ್ಲಿದ್ದ ಆಂಗ್ಲರು ಇದನ್ನು ಜೋಳದ ಹಕ್ಕಿಯೆಂದೇ ಕರೆಯುತ್ತಿದ್ದರು. ಸಂತಾನಕಾಲದಲ್ಲಿ ತನ್ನ ನಾಡಿನಲ್ಲಿ ಇದು ಮಿಡತೆಗಳ ಮಹಾಶತ್ರು. ಚೀನಾದ ಶಿನ್‌ಜಿಯಾಂಗ್ ಪ್ರಾಂತದಲ್ಲಿ 1980ರ ದಶಕದಿಂದ ಇದಕ್ಕಾಗಿ ಗೂಡುಗಳನ್ನು ಕಟ್ಟಿಸಿ ಕರೆಯುವರು. ಇಲ್ಲಿಯಾದರೋ ಹಾಲುಗಾಳಿನ ಜೋಳದ ಮೇಲೆ ಬೀಳುವುದರಿಂದ ಕವಣೆ ಬೀಸಿ ಓಡಿಸುವರು.

ಇಲ್ಲಿಯೇ ಯೋಚಿಸಬೇಕಾದ ವಿಷಯವೊಂದಿದೆ. ಊರ ತುಂಬ ಜೋಳವಿದ್ದರೆ ಹಕ್ಕಿಗಳ ಪಾಲು ಎಲ್ಲರ ಹೊಲಕ್ಕೂ ಹಂಚಿಹೋಗುವುದು, ಒಬ್ಬನಿಗೆ ಭಾರವಾಗದು. ಈಗ ಎತ್ತುಗಳು ಕಡಿಮೆಯಾಗಿ ಕಣಕಿಯ ಮೇವು ಬೇಡವಾಗಿದೆ. ಕೈಗೆ ಹಣ ತರುವ ಬೆಳೆಗಳತ್ತ ಮನಸ್ಸು ಹರಿದಿದೆ. ನೂರು ಹೊಲಗಳ ನಡುವೆ ಒಬ್ಬನೇ ಜೋಳ ಬಿತ್ತಿದರೆ ಇಡೀ ಹಿಂಡು ಅವನ ಹೊಲಕ್ಕೇ ಇಳಿಯುವುದು. ನಷ್ಟ ತಾಳದೆ ಅವನೂ ಮುಂದಿನ ವರ್ಷ ಜೋಳವನ್ನು ಬಿಡುವನು. ಹೀಗೆ ಹಕ್ಕಿಯ ಅನ್ನವೂ ಮನೆಯ ರೊಟ್ಟಿಯೂ ಒಟ್ಟಿಗೆ ಕರಗುವುವು. ಎರೆಭೂತವೆಂದು ಹೆಸರಾದ ದೊಡ್ಡ ಹಕ್ಕಿಯ ಕಥೆ ನಮಗೆ ಎಚ್ಚರಿಕೆಯಾಗಬೇಕು. ಬರಿಯ ನೆಲದ ಮೇಲೆ ಒಂದೇ ಮೊಟ್ಟೆಯಿಡುವ ಆ ಪಕ್ಷಿಯು ಒಂದು ಕಾಲಕ್ಕೆ ದಖ್ಖಣದ ಬಯಲುಗಳಲ್ಲಿ ವಿಸ್ತಾರವಾಗಿ ಹರಡಿತ್ತು. ಬೇಟೆಯಿಂದಲೂ ಹುಲ್ಲುನೆಲದ ನಾಶದಿಂದಲೂ ಕ್ಷೀಣಿಸಿ, ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಕಂಡುಬರುವ ಸ್ಥಿತಿಗೆ ಇಳಿಯಿತು.

ನಮ್ಮ ಹಿರಿಯರು ಈ ಹಂಚಿಕೆಯ ಧರ್ಮವನ್ನು ಹಬ್ಬದಲ್ಲಿಯೇ ಇಟ್ಟರು. ಎಳ್ಳಮಾವಾಸ್ಯೆಯಂದು ಕುಟುಂಬವೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ತಂದ ಅಡಿಗೆಯನ್ನು ಪೈರಿನ ನಡುವೆ ಚರಗವಾಗಿ ಚೆಲ್ಲುವರು. ಆ ದಿನದ ಭಜ್ಜಿಯನ್ನು ಮಾಗಿಯ ಯಾವ ಶನಿವಾರದಲ್ಲಿಯೂ ಮಾಡಬಹುದು. ಹಸಿ ತೊಗರಿ, ಹಸಿ ಕಡಲೆ, ಅವರೆ, ಈ ಕಾಳುಗಳು ಕೂಡಿ 2 ಬಟ್ಟಲು. ಮೆಂತ್ಯ, ಪಾಲಕ, ಉಳ್ಳಾಗಡ್ಡಿಯ ತಪ್ಪಲು ಕೂಡಿ 4 ಹಿಡಿ. ಒಂದು ಗಜ್ಜರಿ, ಒಂದು ಬದನೆ. ಕಾಳುಗಳನ್ನು ಮೊದಲು ಬೇಯಿಸಿ, ಹೆಚ್ಚಿದ ಕಾಯಿ ಸೊಪ್ಪುಗಳನ್ನು ಸೇರಿಸಿ, ಮೆತ್ತಗಾದ ಮೇಲೆ ಜಜ್ಜಿದ ಹಸಿಮೆಣಸಿನಕಾಯಿ, ಉಪ್ಪು, ಹುಣಸೆಯ ರಸ ಹಾಕಬೇಕು. 3 ಚಮಚ ಕಡಲೆಹಿಟ್ಟನ್ನು ಗಂಟಿಲ್ಲದಂತೆ ನೀರಿನಲ್ಲಿ ಕಲಸಿ ಸುರಿದು, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಬೇಕು. ಬೆಳ್ಳುಳ್ಳಿಯ ಒಗ್ಗರಣೆಯೊಡನೆ ಇಳಿಸಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೊಡನೆಯೋ ಬಿಸಿಯಾದ ಜೋಳದ ರೊಟ್ಟಿಯೊಡನೆಯೋ ಬಡಿಸಿರಿ.

ಹೊಲದಲ್ಲಿ ಏನು ಬೆಳೆಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಅಡಿಗೆಯ ಮನೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಆ ವರ್ಷವು ಮುಗಿಯಿತು. ಮನೆಗಳಲ್ಲಿ ರೊಟ್ಟಿಯ ಸಪ್ಪಳವು ಮುಗಿಯದಿರಲಿ. ನೆರೆಹೊರೆಯ ಹೊಲದವರು ಮಾತಾಡಿಕೊಂಡು ಜೋಳವನ್ನು ಒಂದೇ ಕಡೆ ಬಿತ್ತಿದರೆ ಕಾವಲೂ ಹಗುರ, ನಷ್ಟವೂ ಹಗುರ. ಬದುವಿನ ಹುಲ್ಲಿಗೆ ಬೆಂಕಿಯಿಡದಿದ್ದರೆ ಸೆಳೆವಕ್ಕೆ ಹಾಸಿಗೆ ಉಳಿಯುವುದು. ಮಕ್ಕಳ ಪುಸ್ತಕದಲ್ಲಿ ಬರೆಯಲು ಹೆಸರುಗಳಿರಬೇಕಾದರೆ, ಅವರ ತಟ್ಟೆಯಲ್ಲಿ ಜೋಳವಿರಬೇಕು.